ಸೀಮೆಸುಣ್ಣ ಯಾರ ಕೈಯಲ್ಲಿ?

ನನ್ನ ಪರಿಚಯದ ಮಹಾಶಯರೊಬ್ಬರಿದ್ದಾರೆ. ವಾಕ್ ಸ್ವಾತಂತ್ರ್ಯ ಅಂದರೆ ಅವರಿಗೆ ಪ್ರಾಣ. ಬೆಳಗ್ಗೆ ಎದ್ದು ಇಡೀ ಒಂದು ಸಮುದಾಯವನ್ನು ಹುಳುಗಳು ಅಂತ ಬೈಯುತ್ತಾರೆ. ಕೇಳಿದರೆ, ಅದು ಅಭಿಪ್ರಾಯವಂತೆ. ಮಧ್ಯಾಹ್ನ ಯಾರೋ ಅವರ ನಾಯಕರ ಮೂಗನ್ನು ಸ್ವಲ್ಪ ಜಾಸ್ತಿ ಉದ್ದ ಮಾಡಿ ವ್ಯಂಗ್ಯಚಿತ್ರ ಬರೆದರೆ ಅದು ದ್ವೇಷ. ಕೇಸು ಹಾಕಲೇಬೇಕು.

ಎದುರು ಬಣದಲ್ಲೂ ಇಂಥದೇ ಒಬ್ಬರಿದ್ದಾರೆ. ಬೈಗುಳ ಬೇರೆ, ಬೇಡಿಕೆ ಒಂದೇ: ಮಾತಿಗೊಂದು ಲಕ್ಷ್ಮಣರೇಖೆ ಬೇಕು, ಅದು ತಮ್ಮ ಕಾಲಿನಿಂದ ಒಂದು ಗೇಣು ಆಚೆಗಿರಬೇಕು.

ಕಥೆ ನೆನಪಿದೆ ಅಲ್ವಾ? ರೇಖೆ ಎಳೆದದ್ದು ರಾವಣನಂಥವರನ್ನು ತಡೆಯುವುದಕ್ಕೆ. ದಾಟಿ ಸಿಕ್ಕಿಬಿದ್ದವಳು ಸೀತೆ.

ಬ್ರಿಟನ್ 1965ರಲ್ಲಿ ಇಂಥದೊಂದು ರೇಖೆ ಎಳೆಯಿತು. ಜನಾಂಗದ್ವೇಷ ಕೆರಳಿಸುವ ಮಾತು ಇನ್ನು ಅಪರಾಧ ಅಂದಿತು. ಮೈಬಣ್ಣಕ್ಕಾಗಿ ಬೈಸಿಕೊಳ್ಳುವವರಿಗೆ ಆಸರೆಯಾಗಲಿ ಅನ್ನುವುದು ಆಸೆ. ಎರಡೇ ವರ್ಷದಲ್ಲಿ, 1967ರಲ್ಲಿ, ಅದೇ ಕಾನೂನಿನಡಿ 12 ತಿಂಗಳ ಶಿಕ್ಷೆ ಪಡೆದವನು ಮೈಕೇಲ್ ಎಕ್ಸ್. ಕಪ್ಪು ಜನರ ಹೋರಾಟಗಾರ! ಸುಳ್ಳು ಹೇಳಬಾರದು, ಆ ವರ್ಷ ಬಿಳಿಯ ನಾಜಿವಾದಿಯೊಬ್ಬನೂ ಒಳಗೆ ಹೋದ. ಮೈಕೇಲ್ ಕೂಡ ಸೀತೆಯೇನಲ್ಲ, ಆಡಿದ್ದು ಕೊಲ್ಲುವ ಮಾತು. ಆದರೂ ಕೊಡೆ ತಂದದ್ದು ಯಾರಿಗೆ, ಅದೇ ಕೊಡೆಯಿಂದ ಏಟು ತಿಂದವರು ಯಾರು ಅಂತ ನೋಡಿ.

ರೇಖೆಯೇ ಬೇಡ ಅಂದರೆ ಅಮೆರಿಕದ ದಾರಿ. ಬಿಳಿಯರೇ ಮೇಲು ಅನ್ನುವ ಕೂ ಕ್ಲಕ್ಸ್ ಕ್ಲಾನ್ ಗುಂಪಿನ ಓಹಾಯೋದ ನಾಯಕನೊಬ್ಬನಿಗೆ ಭಾಷಣಕ್ಕಾಗಿ ಆಗಿದ್ದ ಶಿಕ್ಷೆಯನ್ನು ಅಲ್ಲಿನ ಸುಪ್ರೀಂ ಕೋರ್ಟ್ 1969ರಲ್ಲಿ ರದ್ದು ಮಾಡಿತು. ಮಾತು ಕೂಡಲೇ ಕಾನೂನು ಮುರಿಯಲು ಎಬ್ಬಿಸುವಂತಿರಬೇಕು, ಹಾಗೆ ಆಗುವ ಸಂಭವವೂ ಇರಬೇಕು, ಆಗ ಮಾತ್ರ ತಪ್ಪು. ಅಂದರೆ ‘ಈಗಲೇ ಹೊಡೆಯಿರಿ’ ಅಂದರೆ ಕಷ್ಟ. ‘ಯಾವತ್ತಾದರೂ ಹೊಡೆಯೋಣ’ ಅಂದರೆ ತತ್ವಶಾಸ್ತ್ರ.

1977ರಲ್ಲಿ ಷಿಕಾಗೋ ಪಕ್ಕದ ಸ್ಕೋಕಿಯಲ್ಲಿ ಮೆರವಣಿಗೆ ಮಾಡುತ್ತೇವೆ ಅಂತ ನಾಜಿ ಗುಂಪೊಂದು ಹಟ ಹಿಡಿಯಿತು. ಹಿಟ್ಲರನ ಕೈಯಿಂದ ಜೀವ ಉಳಿಸಿಕೊಂಡು ಬಂದ ಯಹೂದಿಗಳು ಬಹಳ ಜನ ಇದ್ದ ಊರು ಅದು. ಊರು ಆರಿಸಿದ್ದೇ ಗಾಯ ಕೆದಕುವುದಕ್ಕೆ. ನಾಜಿಗಳ ಪರ ಕೋರ್ಟಿನಲ್ಲಿ ನಿಂತ ವಕೀಲ ಸ್ವತಃ ಯಹೂದಿ. ಸಿಟ್ಟಾಗಿ ಸಾವಿರಾರು ಸದಸ್ಯರು ನಾಗರಿಕ ಸ್ವಾತಂತ್ರ್ಯಕ್ಕಾಗಿ ಹೋರಾಡುವ ಆ ವಕೀಲರ ಸಂಸ್ಥೆಯನ್ನೇ ಬಿಟ್ಟರು. ಇಷ್ಟೆಲ್ಲ ಆಗಿ ಕೇಸು ಗೆದ್ದ ಮೇಲೆ ನಾಜಿಗಳು ಸ್ಕೋಕಿಗೆ ಹೋಗಲೇ ಇಲ್ಲ! ಷಿಕಾಗೋದಲ್ಲೇ ಸಭೆ ನಡೆಸಿ ಮುಗಿಸಿದರು. ಖರ್ಚಿಲ್ಲದೆ ಹೆಸರು ಬಂದಿತ್ತು, ಇನ್ನು ನಡೆಯುವ ಕಷ್ಟ ಯಾಕೆ?

‘ಮಾತಿಗೆ ಮಾತಿನಲ್ಲೇ ಉತ್ತರ ಕೊಡಿ’ ಅನ್ನುವ ಉಪದೇಶ ನನಗೂ ಇಷ್ಟ. ಆದರೆ ಅದನ್ನು ಹೇಳುವವರು ಸಾಮಾನ್ಯವಾಗಿ ಹುಳು ಅನ್ನಿಸಿಕೊಂಡವರಾಗಿರುವುದಿಲ್ಲ.

ಇದನ್ನೆಲ್ಲ ಮಹಾಶಯರಿಗೆ ಹೇಳಿದೆ.

“ಸುಮ್ನೆ ಗೊಂದಲ ಮಾಡಬೇಡಿ ಸಾರ್. ದ್ವೇಷ ಯಾವುದು ಅಂತ ನನಗೆ ಗೊತ್ತಿಲ್ವಾ? ಸೀಮೆಸುಣ್ಣ ಕೊಡಿ, ಗೆರೆ ಎಳೆದು ತೋರಿಸ್ತೀನಿ.”

“ತಗೊಳ್ಳಿ. ಆದರೆ ಮುಂದಿನ ಚುನಾವಣೆಯಲ್ಲಿ ಆ ಕಡೆಯವರು ಗೆದ್ದರೆ ಇದು ಅವರ ಕೈಗೆ ಹೋಗುತ್ತೆ.”

ಮುಖ ಬಿಳಿಚಿತು. “ಛೆ ಛೆ, ಗೆರೆಯೇ ಬೇಡ ಬಿಡಿ. ವಾಕ್ ಸ್ವಾತಂತ್ರ್ಯ ಪವಿತ್ರವಾದದ್ದು.”

ಸೀಮೆಸುಣ್ಣ ಮೇಜಿನ ಮೇಲಿಟ್ಟು ಹೊರಟರು. ಬಾಗಿಲ ತನಕ ಹೋದವರು ತಿರುಗಿ ನಿಂತರು.

“ಅಲ್ಲ ಸಾರ್, ಒಂದು ವೇಳೆ ನಾವೇ ಗೆದ್ದರೆ?”