ನನ್ನ ಸ್ಕ್ಯಾನ್ ರಿಪೋರ್ಟನ್ನು ಟಿವಿ ಮೇಲೆ ಹಾಕೋಕೆ ಇವರ್ಯಾರು?

ಬೆಳ್ಳಂದೂರಿನ ಆಫೀಸಿನಿಂದ ಮನೆಗೆ ಬಂದು ಇಷ್ಟು ಹೊತ್ತಾಯಿತು, ಇನ್ನೂ ಕೈ ನಡುಗುತ್ತಿದೆ. ಊಟ ಸೇರಲಿಲ್ಲ.

ಆಫೀಸ್ ಲ್ಯಾಪ್‌ಟಾಪಿನಿಂದ ನಾನು ಕಳಿಸಿದ ಒಂದು ಫೈಲಿನ ಮೇಲೆ ಅಲರ್ಟ್ ಬಂದಿದೆ ಅಂತ ಕರೆದರು. ಹೋದೆ. ಮ್ಯಾನೇಜರ್ ಇದ್ದರು, ಎಚ್‌ಆರ್ ಇದ್ದರು, ಕಂಪ್ಯೂಟರ್ ಸೆಕ್ಯುರಿಟಿ ಟೀಮಿನವರು ಇದ್ದರು. ಹೈದರಾಬಾದಿನಿಂದ ಯಾರೋ ಕಾಲ್‌ನಲ್ಲಿದ್ದರು. ಟಿವಿ ಆನ್ ಆಯಿತು. ಅದರ ಮೇಲೆ ನನ್ನ ಹೆಸರು, ನನ್ನ ವಯಸ್ಸು, ನನ್ನ ಸ್ಕ್ಯಾನ್ ರಿಪೋರ್ಟ್. ಅಕ್ಷರ ಚಿಕ್ಕದು ಅಂತ ಝೂಮ್ ಮಾಡಿದರು. ಝೂಮ್! ಲೆಫ್ಟ್ ಓವರಿ ಅಂತ ಶುರುವಾಗುವ ಸಾಲಿನ ಮೇಲೆ ಮೌಸ್ ನಿಂತಿತ್ತು. ಐವಿಎಫ್ ವಿಷಯ ನಮ್ಮತ್ತೆಗೂ ಹೇಳಿಲ್ಲ ನಾನು.

"ಮೇಡಂ, ಇದನ್ನ ಹೊರಗಿನ ಸೈಟಿಗೆ ಯಾಕೆ ಅಪ್‌ಲೋಡ್ ಮಾಡಿದ್ರಿ?"

"ಅದು ನನ್ನ ರಿಪೋರ್ಟ್. ನನ್ನ ಡಾಕ್ಟರಿಗೆ ಕಳಿಸಿದ್ದು."

"ಪರ್ಸನಲ್ ಅಂತ ನಮಗೆ ಓಪನ್ ಮಾಡಿದ್ಮೇಲೆ ತಾನೆ ಗೊತ್ತಾಗೋದು?"

ಸರಿ, ಗೊತ್ತಾಯಿತಲ್ಲ, ಮುಚ್ಚಬೇಕಿತ್ತಲ್ವಾ? ಮಾತು ಮುಗಿಯುವವರೆಗೂ ಅದು ಹಾಗೇ ಇತ್ತು. ಮ್ಯಾನೇಜರ್ ಫೋನ್ ನೋಡಿಕೊಂಡು ಕೂತರು. ಎಚ್‌ಆರ್ ನನ್ನ ಮುಖ ನೋಡಲಿಲ್ಲ, ಟಿವಿಯನ್ನೇ ನೋಡುತ್ತಿದ್ದರು.

ಕ್ಲಿನಿಕ್ಕಿನ ಸೈಟಿನ ವಿಳಾಸದಲ್ಲಿ ಎಚ್‌ಟಿಟಿಪಿಎಸ್ ಅಂತಲೇ ಇತ್ತು, ಅಂದರೆ ಕಳಿಸಿದ್ದು ದಾರಿಯಲ್ಲಿ ಯಾರೂ ಓದದಂತೆ ಎನ್‌ಕ್ರಿಪ್ಟ್ ಆಗಿ ಹೋಗಬೇಕು. ಬ್ರೌಸರ್ ಒಂದು ಎಚ್ಚರಿಕೆಯನ್ನೂ ಕೊಡಲಿಲ್ಲ. ಸೀಟಿಗೆ ಬಂದು ಸರ್ಟಿಫಿಕೇಟ್, ಅಂದರೆ ಇದು ಅಸಲಿ ಸೈಟೇ ಅಂತ ಬ್ರೌಸರಿಗೆ ತೋರಿಸುವ ಗುರುತಿನ ಚೀಟಿ, ತೆಗೆದು ನೋಡಿದೆ. ಕೊಟ್ಟವರ ಜಾಗದಲ್ಲಿ ನಮ್ಮ ಕಂಪನಿಯದೇ ಹೆಸರು! ಮೊಬೈಲ್ ಡೇಟಾದಲ್ಲಿ ಅದೇ ಸೈಟ್ ತೆಗೆದರೆ ಬೇರೆ ಹೆಸರು. ಲ್ಯಾಪ್‌ಟಾಪ್ ಕೊಡುವ ಮೊದಲೇ ಅದರೊಳಗೆ ತಮ್ಮದೊಂದು ರೂಟ್ ಸರ್ಟಿಫಿಕೇಟ್, ಅಂದರೆ ಇಂಥ ಚೀಟಿಗಳಿಗೆಲ್ಲ ಮೂಲವಾದ ಚೀಟಿ, ಹಾಕಿರುತ್ತಾರೆ. ಅದಿದ್ದರೆ ಬ್ರೌಸರ್ ಅವರನ್ನು ನಂಬುತ್ತದೆ. ನಾವು ಕಳಿಸಿದ್ದು ಮೊದಲು ನಡುವೆ ಇರುವ ಅವರ ಕಂಪ್ಯೂಟರಿಗೆ, ಅಂದರೆ ಪ್ರಾಕ್ಸಿಗೆ, ಹೋಗುತ್ತದೆ. ಅಲ್ಲಿ ಬಿಚ್ಚಿ, ನೋಡಿ, ಮತ್ತೆ ಎನ್‌ಕ್ರಿಪ್ಟ್ ಮಾಡಿ ಮುಂದೆ ಕಳಿಸುತ್ತಾರೆ. ಪಾಸ್‌ವರ್ಡ್ ಕೂಡ ಅದೇ ದಾರಿಯಲ್ಲಿ ಹೋಗುವುದು.

ಬ್ಯಾಂಕ್, ಆಸ್ಪತ್ರೆ ಸೈಟುಗಳನ್ನು ಬಿಚ್ಚಬಾರದು ಅಂತ ಸಾಮಾನ್ಯವಾಗಿ ಒಂದು ಪಟ್ಟಿ ಇಟ್ಟಿರುತ್ತಾರೆ. ನನ್ನ ಬ್ಯಾಂಕಿನ ಸೈಟ್ ನೋಡಿದೆ, ಅದನ್ನು ಮುಟ್ಟಿಲ್ಲ. ನಾನು ಹೋಗುವ ಜಯನಗರದ ಸಣ್ಣ ಕ್ಲಿನಿಕ್ ಆ ಪಟ್ಟಿಯಲ್ಲಿಲ್ಲ. ದೊಡ್ಡ ಆಸ್ಪತ್ರೆಗೆ ಹೋಗುವವರಿಗೆ ಮಾತ್ರ ಮಾನ ಇರುತ್ತದಾ?

ಹೋಗಲಿ ಬಿಡಿ ಅನಿಸುತ್ತದೆ. ಲ್ಯಾಪ್‌ಟಾಪ್ ಅವರದ್ದು, ನೆಟ್ ಅವರದ್ದು. ವೈರಸ್ ಕೂಡ ಎನ್‌ಕ್ರಿಪ್ಟ್ ಆಗಿಯೇ ಬರುತ್ತದೆ, ನೋಡದೆ ಇದ್ದರೆ ಹಿಡಿಯುವುದು ಹೇಗೆ? ನನಗೂ ಇಎಂಐ ಇದೆ, ಜಗಳ ಆಡಿ ಎಲ್ಲಿಗೆ ಹೋಗಲಿ?

ಇಲ್ಲ, ಬಿಡೋಕಾಗಲ್ಲ. ಮಷೀನು ನೋಡುವುದು ಬೇರೆ. ನಾಲ್ಕು ಜನ ಕೂತು ಓದುವುದು ಬೇರೆ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಟ್ಟಿಗೆ ಹೇಳಿದರು. ಆ ಕೇಸ್ ಹಾಕಿದ ಕೆ.ಎಸ್. ಪುಟ್ಟಸ್ವಾಮಿ ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. ಆಮೇಲೆ ವೈಯಕ್ತಿಕ ಮಾಹಿತಿಯ ರಕ್ಷಣೆಗೆ ಅಂತ 2023ರ ಡೇಟಾ ಕಾಯ್ದೆ ಬಂತು. ಕಂಪನಿಗೆ ನಷ್ಟ ತಪ್ಪಿಸುವುದಕ್ಕಾದರೆ ನೌಕರರ ಒಪ್ಪಿಗೆ ಬೇಡ ಅಂತ ಅದರ 7ನೇ ಸೆಕ್ಷನ್‌ನಲ್ಲೇ ದಾರಿ ಬಿಟ್ಟಿದ್ದಾರೆ. ನನ್ನ ಗರ್ಭಕೋಶದ ಅಳತೆಯಿಂದ ಯಾರಿಗೆ ಏನು ನಷ್ಟ? ಅದೇ 2017ರಲ್ಲಿ ರೊಮೇನಿಯಾದ ಬಾರ್ಬುಲೆಸ್ಕು ಕೇಸಿನಲ್ಲಿ ಯುರೋಪಿನ ಮಾನವ ಹಕ್ಕುಗಳ ಕೋರ್ಟು ನೌಕರನ ಪರ ನಿಂತಿತು. ಮೆಸೇಜು ಓದುತ್ತೇವೆ ಅಂತ ಕಂಪನಿ ಮೊದಲೇ ಸರಿಯಾಗಿ ಹೇಳಿರಬೇಕು ಅಂದಿತು. ನನಗೆ ಹೇಳಿದ್ದೇನು? ಸೇರಿದ ದಿನ ಸಹಿ ಹಾಕಿಸಿಕೊಂಡ ಕಾಗದಗಳ ನಡುವೆ "ಮಾನಿಟರ್ ಮಾಡಬಹುದು" ಅನ್ನುವ ಒಂದು ಸಾಲು.

ಕಂಪನಿಗಳಲ್ಲಿ ಈ ಸೆಕ್ಯುರಿಟಿ ಕೆಲಸ ಮಾಡುವವರು ಇಲ್ಲಿ ಯಾರಾದರೂ ಇದ್ದರೆ ದಯವಿಟ್ಟು ಉತ್ತರ ಕೊಡಿ. ಅಳಿಸಿ ಅಂತ ಮೇಲ್ ಹಾಕಿದೆ, "ಪಾಲಿಸಿ ಪ್ರಕಾರ ಇಟ್ಟುಕೊಳ್ಳುತ್ತೇವೆ" ಅಂತ ಬಂತು. ಎಷ್ಟು ದಿನ? ಎಲ್ಲಿ? ಕ್ಲಿನಿಕ್ಕಿನ ಪಾಸ್‌ವರ್ಡ್ ಬದಲಾಯಿಸಿದೆ, ರಿಪೋರ್ಟ್ ಬದಲಾಯಿಸೋಕಾಗುತ್ತಾ? ಆ ಫೈಲನ್ನು ಯಾರ್ಯಾರು ತೆಗೆದು ನೋಡಿದರು ಅನ್ನುವ ಲಾಗ್ ಇರಲೇಬೇಕಲ್ವಾ, ಅದನ್ನು ನನಗೆ ಕೊಡಿ ಅಂತ ಬರವಣಿಗೆಯಲ್ಲಿ ಕೇಳಿದರೆ ಕೊಡುತ್ತಾರಾ?