ಹಿಂಡಿಯಿಲ್ಲದ ಗಾಣ

ತಿಪಟೂರಿನವರಿಗೆ ಎಣ್ಣೆಯ ಬಗ್ಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಅಟ್ಟದ ಮೇಲೆ ತಿಂಗಳುಗಟ್ಟಲೆ ಕೂತ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಉಂಡೆ ಲೊಟಗುಟ್ಟಿದರೆ ಕೊಬ್ಬರಿಯಾಯಿತು ಅನ್ನುವುದು ಇಲ್ಲಿನ ಮಕ್ಕಳಿಗೂ ಗೊತ್ತು. ಆದರೆ ಮಧ್ಯಾಹ್ನದ ಹೊತ್ತಿಗೆ ನನ್ನ ಮೂಗಿನ ಮೇಲೆ ಜಿನುಗುವ ಎಣ್ಣೆ ಯಾವ ಅಟ್ಟದ್ದು ಅಂತ ಮಾತ್ರ ನಾನು ಯೋಚಿಸಿರಲಿಲ್ಲ.

ಯೋಚನೆಗೆ ಹಚ್ಚಿದವನು ಮಗ. ಎಸ್ಸೆಸ್ಸೆಲ್ಸಿ ಹುಡುಗ, ದಿನಕ್ಕೆ ಆರು ಸಲ ಸೋಪು ಹಾಕಿ ಮುಖ ಉಜ್ಜುತ್ತಾನೆ. ಬೋರಿನ ಗಡಸು ನೀರಿಗೆ ಕೆನ್ನೆ ಬೂದಿ ಬಳಿದಂತಾಗುತ್ತದೆ, ಎರಡು ಗಂಟೆ ಕಳೆದರೆ ಹಣೆ ಮತ್ತೆ ಮಿರಮಿರ. "ಹೋಳಿಗೆ ತಟ್ಟಬಹುದು ಕಣೋ ಅದರ ಮೇಲೆ, ಎಣ್ಣೆ ಖರ್ಚಿಲ್ಲ" ಅಂತ ನಮ್ಮತ್ತೆಯ ಗೇಲಿ ಬೇರೆ.

ಈ ಜಿಡ್ಡು ಬರುವುದು ಚರ್ಮದೊಳಗಿನ ಎಣ್ಣೆ ಗ್ರಂಥಿಯಿಂದ. ಕೂದಲು ಹುಟ್ಟುವ ಕುಳಿಗೆ ಅಂಟಿಕೊಂಡ ಪುಟ್ಟ ಚೀಲ ಅದು. ಅಂಗೈ, ಅಂಗಾಲಿನಲ್ಲಿ ಒಂದೂ ಇಲ್ಲ. ಮುಖ, ನೆತ್ತಿಯಲ್ಲಿ ಚದರ ಸೆಂಟಿಮೀಟರಿಗೆ 400ರಿಂದ 900. ಗಾಣದಲ್ಲಿ ಎಣ್ಣೆ ಇಳಿದ ಮೇಲೆ ಹಿಂಡಿ ಉಳಿಯುತ್ತದೆ, ದನಕ್ಕಾಗುತ್ತದೆ. ಇಲ್ಲಿ ಅದೂ ಇಲ್ಲ. ಗ್ರಂಥಿಯ ಅಂಚಿನಲ್ಲಿ ಹುಟ್ಟಿದ ಜೀವಕೋಶ ಎಣ್ಣೆ ತುಂಬಿಕೊಂಡು ಉಬ್ಬುತ್ತಾ ನಡುವಿಗೆ ಸರಿಯುತ್ತದೆ; ಎರಡು ಮೂರು ವಾರಕ್ಕೆ ಒಡೆದು, ಪೂರ್ತಿ ತಾನೇ ಜಿಡ್ಡಾಗಿ, ಕೂದಲಿನ ಪಕ್ಕದಿಂದ ಮೇಲಕ್ಕೆ ಬರುತ್ತದೆ. ಬೀಜವೇ ಎಣ್ಣೆಯಾಗಿ ಹರಿದುಹೋಗುವ ಗಾಣವನ್ನು ನಾನಂತೂ ಬೇರೆಲ್ಲೂ ಕಂಡಿಲ್ಲ.

ಬೆವರಿಗಾದರೆ ನರದ ಅಪ್ಪಣೆ ಬೇಕು. ಈ ಗಾಣದ ಎತ್ತು ಹೊಡೆಯುವುದು ರಕ್ತದಲ್ಲಿ ಬರುವ ಆಂಡ್ರೋಜನ್ ಹಾರ್ಮೋನು, ಗಂಡಿಗೂ ಹೆಣ್ಣಿಗೂ. ಅದರಲ್ಲೊಂದಾದ ಟೆಸ್ಟೋಸ್ಟಿರಾನನ್ನು ಗ್ರಂಥಿಯೊಳಗಿನ ಒಂದು ಕಿಣ್ವ ಇನ್ನೂ ಖಾರ ಮಾಡಿಕೊಡುತ್ತದೆ. ಹುಟ್ಟಿದ ಕೂಸಿನ ಮೈಮೇಲಿನ ಬೆಣ್ಣೆಯಂಥ ಲೇಪದಲ್ಲಿ ಈ ಗಾಣದ ಪಾಲೂ ಉಂಟು. ಆಮೇಲೆ ವರ್ಷಗಟ್ಟಲೆ ನಿದ್ದೆ. ಹರೆಯ ಬಂತೋ, ಎತ್ತಿಗೆ ನಾಗಾಲೋಟ.

ಸೋಪು ಮೇಲಿನ ಜಿಡ್ಡನ್ನು ತೆಗೆಯುತ್ತದೆ, ಅಷ್ಟೇ. ಕೆಳಗೆ ಗಾಣ ತನ್ನ ಪಾಡಿಗೆ ತಿರುಗುತ್ತಲೇ ಇರುತ್ತದೆ, ಮಡಕೆ ತುಂಬಿತೋ ಬರಿದಾಯಿತೋ ಅದಕ್ಕೆ ತಿಳಿಯದು. ತೊಳೆದಷ್ಟೂ ಹೆಚ್ಚು ಉಕ್ಕುತ್ತದೆ ಅನ್ನುವ ನಮ್ಮ ಓಣಿಯ ಮಾತೂ ಹಾಗೇ ಬಿದ್ದುಹೋಯಿತು.

ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಎತ್ತು ಸೋಲುತ್ತದೆ. ಮಾಗಿಯ ಚಳಿಗೆ ಅತ್ತೆಯ ಮೊಣಕಾಲ ಕೆಳಗೆ ಬಿಳಿ ಗೀರುಗಳು. ಇದನ್ನೆಲ್ಲ ಕೇಳಿ ಅವರು ಮೊಮ್ಮಗನ ಹಣೆಯನ್ನು ಎರಡು ಬೆರಳಲ್ಲಿ ಸವರಿ, ತಮ್ಮ ಕಾಲಿಗೆ ತಿಕ್ಕಿಕೊಂಡರು.

"ಥೂ, ಅಜ್ಜಿ!" ಅಂತ ಅವನು ಮತ್ತೆ ನಲ್ಲಿ ಕಡೆ ಓಡಿದ.