ಆ ಕೈ ನನ್ನದೇ ಸಾಹೇಬರೆ

ಮಾಸ್ತರಿಕೆಯಿಂದ ನಿವೃತ್ತನಾದ ಮೇಲೆ ಕಾರವಾರದ ಒಂದು ಕಚೇರಿ ಎದುರು ಕೂತು ಅರ್ಜಿ ಬರೆಯುತ್ತೇನೆ. ಅರ್ಜಿಗೆ 50 ರೂಪಾಯಿ, ಅಳು ಜಾಸ್ತಿ ಇದ್ದರೆ 30. ಸರ್ಕಾರ ಬದಲಾದ ವರ್ಷ ನನಗೆ ಸುಗ್ಗಿ. ಚಾ ಕುಡಿಯಲಿಕ್ಕೂ ಪುರುಸೊತ್ತು ಇರುವುದಿಲ್ಲ.

ಮೊನ್ನೆ ಬಂದವರು ವಾಚ್‌ಮನ್. ಹೊರಗುತ್ತಿಗೆ ನೌಕರಿ. ಹಿಂದಿನ ಸರ್ಕಾರ ಬಂದ ವಾರವೇ ಇವರಿಗೆ ‘ನಾಳೆಯಿಂದ ಬರಬೇಡಿ’ ಅಂದಿದ್ದರಂತೆ. ಬಾಯಲ್ಲೇ ಹೇಳಿದ್ದು, ಕಾಗದಗಿಗದ ಇಲ್ಲ. ಈಗ ‘ನಮ್ಮವರು’ ಬಂದಿದ್ದಾರೆ, ತೆಗೆದವರನ್ನೆಲ್ಲ ವಾಪಸು ತಗೊಳ್ತಾರೆ ಅಂತ ಸುದ್ದಿ. ಆದರೆ ಕೆಲಸಕ್ಕೆ ಸರಿಯಾಗಿ ಬರುತ್ತಿರಲಿಲ್ಲ ಅಂತ ತೆಗೆದದ್ದಾದರೆ ಇಲ್ಲ. ರಾಜಕೀಯಕ್ಕಾಗಿಯೇ ತೆಗೆದದ್ದು ಅಂತ ತೋರಿಸಬೇಕು.

“ಬರೀರಿ ಮಾಸ್ತರೆ, ನಾನು ಹುಟ್ಟಿದಾಗಿನಿಂದ ಇದೇ ಪಕ್ಷದವ.”

ಬರೆಯಲಿಕ್ಕೆ ಹೊರಟ ಪೆನ್ನು ಅಲ್ಲೇ ನಿಂತಿತು. ಎಂಟು ವರ್ಷದ ಹಿಂದೆ ಇವರು ಕೆಲಸ ಕೇಳಿದಾಗಲೂ ಅರ್ಜಿ ಬರೆದವ ನಾನೇ. ‘ನಾನು ಯಾವುದೇ ರಾಜಕೀಯ ಪಕ್ಷಕ್ಕೆ ಸೇರಿದವನಲ್ಲ, ಮುಂದೆ ಸೇರುವುದೂ ಇಲ್ಲ’ ಅಂತ ನನ್ನದೇ ದುಂಡು ಅಕ್ಷರದಲ್ಲಿ ಬರೆದುಕೊಟ್ಟಿದ್ದೆ. ಕೆಲಸ ಸಿಗಬೇಕಾದರೆ ಪಕ್ಷ ಇರಬಾರದು, ಹೋದ ಕೆಲಸ ವಾಪಸು ಬೇಕಾದರೆ ಪಕ್ಷ ಇದ್ದಿರಲೇಬೇಕು. ಎರಡೂ ಅರ್ಜಿ ಒಂದೇ ಫೈಲಿಗೆ ಹೋಗುತ್ತವೆ. ಎರಡರ ಕೆಳಗೂ ‘ಮೇಲೆ ಹೇಳಿದ್ದೆಲ್ಲ ನಿಜ’ ಅಂತ ಅವರದೇ ಸಹಿ. ಗುಮಾಸ್ತರು ಎರಡಕ್ಕೂ ಸೀಲು ಒತ್ತುತ್ತಾರೆ.

“ದಾಖಲೆ ಏನಾದರೂ ಇದೆಯಾ?” ಅಂತ ಕೇಳಿದೆ.

ಪ್ಲಾಸ್ಟಿಕ್ ಚೀಲದಿಂದ ಒಂದು ಫೋಟೊ ತೆಗೆದರು. ಆಗಿನ ಶಾಸಕರಿಗೆ ಸನ್ಮಾನ. ಮಧ್ಯದಲ್ಲಿ ಶಾಸಕರು, ಸುತ್ತ ಹನ್ನೆರಡು ಮಂದಿ, ಎಲ್ಲರೂ ಕ್ಯಾಮೆರಾ ನೋಡಿ ನಗುತ್ತಿದ್ದಾರೆ. ನಾನು ಕನ್ನಡಕ ಒರೆಸಿಕೊಂಡು ಎರಡೆರಡು ಸಲ ಹುಡುಕಿದೆ. ನಮ್ಮ ವಾಚ್‌ಮನ್ ಎಲ್ಲೂ ಇಲ್ಲ.

“ಅಲ್ಲೇ ನೋಡಿ, ಶಾಸಕರ ಹೊಟ್ಟೆ ಹತ್ತಿರ.”

ಹೊಟ್ಟೆಯ ಪಕ್ಕದಿಂದ ಒಂದು ಕೈ ಚಾಚಿದೆ. ಹಿತ್ತಾಳೆ ತಟ್ಟೆ ಹಿಡಿದಿದೆ. ತಟ್ಟೆಯಲ್ಲಿ ಮಡಚಿದ ಶಾಲು, ಮೂರು ಸೇಬು. “ಆ ಕೈ ನಂದೇ ಮಾಸ್ತರೆ. ಉಂಗುರ ನೋಡಿ.” ಬೆರಳು ಮುಂದೆ ಹಿಡಿದರು. ಅದೇ ತಾಮ್ರದ ಉಂಗುರ, ಈಗ ಸ್ವಲ್ಪ ಬಿಗಿಯಾಗಿದೆ. ಕೈ ಅಂದ ಮಾತ್ರಕ್ಕೆ ಯಾವ ಪಕ್ಷದ ಫೋಟೊ ಅಂತ ನೀವು ಲೆಕ್ಕ ಹಾಕಬೇಡಿ. ಕಮಲದ ಹಾರ ಹಾಕಿಸಿಕೊಂಡರೂ ತಟ್ಟೆ ಹಿಡಿಯಲಿಕ್ಕೆ ಒಂದು ಕೈ ಬೇಕಲ್ವಾ? ನಾನಂತೂ ಬರೆದೆ: ‘ಲಗತ್ತು 3: ಅರ್ಜಿದಾರರ ಕೈ.’

ಈ ಆಟದಲ್ಲಿ ನಾವಿನ್ನೂ ಬಾಲವಾಡಿ. ತಮಿಳುನಾಡಿನವರು ಡಿಗ್ರಿ ಮುಗಿಸಿದ್ದಾರೆ. ಅಲ್ಲಿ ‘ಮಕ್ಕಳ್ ನಲ ಪಣಿಯಾಳರ್’ ಅಂತ ಹಳ್ಳಿ ಕೆಲಸದವರು ಇದ್ದರು. 1989ರಲ್ಲಿ ಕರುಣಾನಿಧಿ ಸರ್ಕಾರ ನೇಮಿಸಿತು. 1991ರಲ್ಲಿ ಜಯಲಲಿತಾ ಬಂದರು, ಮನೆಗೆ ಕಳಿಸಿದರು. 1997ರಲ್ಲಿ ಕರುಣಾನಿಧಿ ಮತ್ತೆ ಕರೆದರು. 2001ರಲ್ಲಿ ಮನೆಗೆ. 2006ರಲ್ಲಿ ಕೆಲಸಕ್ಕೆ. 2011ರಲ್ಲಿ ಮತ್ತೆ ಮನೆಗೆ, ಆ ಸಲ 13 ಸಾವಿರಕ್ಕೂ ಜಾಸ್ತಿ ಮಂದಿ. ನಾನು ಗಣಿತದ ಮಾಸ್ತರ, ಸುಮ್ನೆ ಕೂರಲಿಕ್ಕೆ ಆಗಲಿಲ್ಲ. ಕೂಡಿ ಕಳೆದು ನೋಡಿದೆ. ಒಟ್ಟು 22 ವರ್ಷದಲ್ಲಿ ಹೆಚ್ಚುಕಡಿಮೆ 11 ವರ್ಷ ನೌಕರಿ, 11 ವರ್ಷ ಜಗಲಿ. ಇಷ್ಟು ಸಮ ಪಾಲು ಅಣ್ಣತಮ್ಮಂದಿರ ತೋಟದಲ್ಲೂ ಆಗುವುದಿಲ್ಲ. ಕೊನೆಗೆ ತಿಂಗಳಿಗೆ 7,500 ರೂಪಾಯಿಯ ಬೇರೆ ಕೆಲಸ ಕೊಡುತ್ತೇವೆ ಅಂತ ಸ್ಟಾಲಿನ್ ಸರ್ಕಾರ ಹೇಳಿತು. ಸುಪ್ರೀಂ ಕೋರ್ಟು 2023ರಲ್ಲಿ ಅದಕ್ಕೆ ಹೂಂ ಅಂದಿತು.

ವಾಪಸು ಕರೆಯುವುದೇ ತಪ್ಪು ಅಂತ ನಾನು ಹೇಳುವುದಿಲ್ಲ. 1974ರ ಮೇ ತಿಂಗಳ ರೈಲ್ವೆ ಮುಷ್ಕರದಲ್ಲಿ ಕೆಲಸ ಕಳಕೊಂಡವರನ್ನು 1977ರಲ್ಲಿ ಜನತಾ ಸರ್ಕಾರದ ರೈಲ್ವೆ ಮಂತ್ರಿ ಮಧು ದಂಡವತೆ ವಾಪಸು ತಗೊಂಡರು. ಮುಷ್ಕರ ನಡೆಸಿದವರು ನಮ್ಮ ಕರಾವಳಿಯವರೇ, ಮಂಗಳೂರಿನ ಜಾರ್ಜ್ ಫರ್ನಾಂಡಿಸ್. ಈಗ ಕಾರವಾರದಿಂದ ಕೊಂಕಣ ರೈಲು ಹತ್ತುವವರು ಇಬ್ಬರನ್ನೂ ನೆನೆಯಬೇಕು, ಆ ರೈಲು ಬರಲಿಕ್ಕೂ ಇಬ್ಬರೂ ದುಡಿದವರು. ಆದರೆ ಆ ನೌಕರರ ಕೈಯಲ್ಲಿ ವಜಾ ಆದೇಶ ಇತ್ತು. ನಮ್ಮವರ ಕೈಯಲ್ಲಿ ತಟ್ಟೆ ಮಾತ್ರ.

ಖಾಯಂ ನೌಕರರ ಮಾತು ಬೇರೆ. ಅವರಿಗೆ ಸಂವಿಧಾನದ 311ನೇ ವಿಧಿ ಇದೆ, ವಿಚಾರಣೆ ಮಾಡದೆ ತೆಗೆಯುವುದು ಕಷ್ಟ. ಅದಕ್ಕೇ ಅವರನ್ನು ತೆಗೆಯುವುದಿಲ್ಲ, ದೂರದ ಊರಿಗೆ ಎತ್ತಿ ಹಾಕುತ್ತಾರೆ. ‘ಜೋಯಿಡಾಕ್ಕೆ ಹಾಕ್ತೇನೆ ನೋಡು’ ಅಂತ ನಮ್ಮ ಜಿಲ್ಲೆಯ ಕಾಡಿನ ತಾಲ್ಲೂಕಿನ ಹೆಸರು ಹೇಳಿ ಹೆದರಿಸುವುದು ನಮ್ಮ ಕಡೆ ಹಳೇ ರೂಢಿ. ಜೋಯಿಡಾದವರು ಇದಕ್ಕೆ ಮಾನನಷ್ಟ ಮೊಕದ್ದಮೆ ಹಾಕಬೇಕು. ಒಳ್ಳೆ ಗಾಳಿ, ಒಳ್ಳೆ ಗೆಡ್ಡೆಗೆಣಸು, ಅದು ಶಿಕ್ಷೆ ಹೇಗಾಗುತ್ತದೆ?

ಹೊರಗುತ್ತಿಗೆಯವರಿಗೆ ವಿಧಿ ಇಲ್ಲ, ವಿಧಿಯೇ ಗತಿ. ಇಲ್ಲಿಯ ಬೈತಖೋಲ ಬಂದರಿನ ಟ್ರಾಲರುಗಳಿಗೂ ಮಳೆಗಾಲದ ಮೀನುಗಾರಿಕೆ ನಿಷೇಧ ಅಂತ ಜೂನ್ 1ರಿಂದ 61 ದಿನ ಕೆಲಸ ಇರುವುದಿಲ್ಲ. ಆದರೆ ಆಗಸ್ಟಿನಲ್ಲಿ ಕಡಲಿಗೆ ಇಳಿಯುವಾಗ ‘ನೀನು ಯಾರ ಕಡೆ ದೋಣಿ’ ಅಂತ ಯಾರೂ ಕೇಳುವುದಿಲ್ಲ.

ಅರ್ಜಿ ಮುಗಿಯಿತು. ಆಗಲೇ ಒಂದು ಸಂಶಯ ಬಂತು. “ನಿಮ್ಮ ಜಾಗದಲ್ಲಿ ಇಷ್ಟು ವರ್ಷ ಒಬ್ಬ ಇದ್ದನಲ್ಲ, ಅವನ ಗತಿ ಏನು?”

“ಅವನಾ? ಇಲ್ಲೇ ಇದ್ದಾನೆ” ಅಂತ ಹಿಂದೆ ತಿರುಗಿ ಕರೆದರು. ಬೆಂಚಿನ ಮೇಲೆ ಬನ್ಸ್ ತಿನ್ನುತ್ತಿದ್ದ ಹುಡುಗ ಎದ್ದು ಬಂದ. ಮಗಳ ಗಂಡ. ಮಾವ ಆ ಪಕ್ಷ, ಅಳಿಯ ಈ ಪಕ್ಷ. ಯಾವ ಸರ್ಕಾರ ಬಂದರೂ ಖಾಕಿ ಅಂಗಿ ಮನೆ ಬಿಟ್ಟು ಹೋಗಿಲ್ಲ. ಪ್ರತಿ ಸಲ ಗುಂಡಿ ಮಾತ್ರ ಎರಡು ಬೆರಳು ಆಚೀಚೆ ಸರಿಯುತ್ತದೆ, ಮಾವನ ಹೊಟ್ಟೆ ಸ್ವಲ್ಪ ದೊಡ್ಡದು.

ಅಳಿಯ ಲಗತ್ತು 3ನ್ನು ಕೈಗೆತ್ತಿಕೊಂಡು ಬಹಳ ಹೊತ್ತು ನೋಡಿದ.

“ಮಾವ, ಮುಂದಿನ ಸಲ ನಾನು ಮುಖ ಬೀಳುವ ಹಾಗೇ ನಿಂತ್ಕೊಳ್ತೇನೆ. ತಟ್ಟೆ ಬೇರೆ ಯಾರಾದ್ರೂ ಹಿಡಿಲಿ.”